ವಖಾರಿಯ ಕೆಳಗಿನ ಮದುವೆ

ಬಾಪುಸಾಹೇಬರ ಮಂಗಲ ಕಾರ್ಯಾಲಯದ ಹೆಸರು ತೆಗೆದರೆ ನನಗೆ ಈಗಲೂ ಬಾಯೆಲ್ಲ ಕಹಿಯಾಗುತ್ತದೆ. ಮಗಳ ಮದುವೆಯಾದ ಜಾಗದ ಬಗ್ಗೆ ತಾಯಿಯಾದವಳು ಹೀಗೆ ಮಾತಾಡಬಾರದು ಎಂದು ನಮ್ಮ ಯಜಮಾನರು ಇವತ್ತಿಗೂ ಗದರುತ್ತಾರೆ. ಗದರಲಿ. ಅಸಹ್ಯವಾದದ್ದನ್ನು ಅಸಹ್ಯ ಎನ್ನದೆ ಮತ್ತೇನನ್ನಲಿ?

ನಾವು ಕೊಗನೊಳ್ಳಿಯ ಒಕ್ಕಲುತನದ ಜೈನರು. ಬೆಳೆದ ತಂಬಾಕನ್ನು ಪ್ರತಿವರ್ಷ ನಿಪ್ಪಾಣಿಯ ಬಾಪುಸಾಹೇಬರಿಗೇ ಹಾಕುತ್ತಿದ್ದೆವು. ದೊಡ್ಡ ವ್ಯಾಪಾರಿ, ದೂರದ ಅಣ್ಣತಮ್ಮಕಿ ಬೇರೆ. ಎಂಬತ್ತೆಂಟರಲ್ಲಿ ಅವರು ಪೇಟೆಯೊಳಗೆ ಮಂಗಲ ಕಾರ್ಯಾಲಯ ಕಟ್ಟಿಸಿದರು. ಕೆಳಗೆ ಮದುವೆಯ ಹಾಲ್, ಮೇಲೆ ಬೀಗರು ಇಳಿದುಕೊಳ್ಳಲು ಕೋಣೆಗಳು ಎಂದು ನಕಾಶೆ ಆಗಿತ್ತು. ನಕಾಶೆ ಹಾಕಿದವನು ಅವರ ತಂಗಿಯ ಮಗ ಉತ್ತಮ, ಕೊಲ್ಲಾಪುರದಲ್ಲಿ ಕಲಿತು ಬಂದ ಇಂಜಿನಿಯರ್. ಹೆಸರಷ್ಟೇ ಉತ್ತಮ.

ಆ ನಕಾಶೆಯಲ್ಲಿ ಹಾಲಿನ ನಡುವೆ ಎರಡು ಕಂಬ ಇದ್ದವಂತೆ. ನಮ್ಮ ಕಡೆ ಮದುವೆಯೆಂದರೆ ಅಂತರಪಟ ಸರಿಯುವ ಗಳಿಗೆ. ಆಗ ಗಂಡು ಹೆಣ್ಣಿನ ಮುಖ ಕಾಣದಿದ್ದರೆ ಬಂದವರು ಊಟವನ್ನೂ ಬೈಯುತ್ತಾರೆ, ಸೀರೆಯನ್ನೂ ಬೈಯುತ್ತಾರೆ. ಕಂಬದ ಹಿಂದೆ ಕೂತವರಿಗೆ ಏನು ಕಾಣಬೇಕು ಎಂದು ಮಾಮಾ ಕೇಳಿದರು, ಅಳಿಯ ಕಂಬ ಅಳಿಸಿಬಿಟ್ಟ. ಅದರ ಬದಲಿಗೆ ಬೀಮನ್ನು ದಪ್ಪ ಮಾಡಿದನೋ, ಕಬ್ಬಿಣ ಹೆಚ್ಚಿಸಿದನೋ, ಯಾರೂ ಕೇಳಲಿಲ್ಲ. ಬಾಪುಸಾಹೇಬರು ಮಾತ್ರ ಹೋದಲ್ಲೆಲ್ಲ, ನಮ್ಮ ಹಾಲಿನ ನಡುವೆ ಒಂದು ಕಂಬವಿಲ್ಲ ನೋಡಿ ಎಂದು ಮೀಸೆ ತಿರುವುತ್ತಿದ್ದರು. ಊರೂ ಹೌದ್ಹೌದು ಎಂದಿತು.

ಅಷ್ಟರಲ್ಲೇ ನಿಂತಿದ್ದರೆ ಒಂದು ಮಾತು. ಅವರ ಹಳೆಯ ವಖಾರಿಯಲ್ಲಿ, ಅಂದರೆ ಸರಕಿನ ಗೋದಾಮಿನಲ್ಲಿ, ಮಳೆಗಾಲದ ತೇವಕ್ಕೆ ತಂಬಾಕು ಬೂಸು ಹಿಡಿಯಿತು. ಮಹಡಿಯ ಮೇಲಾದರೆ ಒಣಗಿರುತ್ತದೆ ಎಂದುಕೊಂಡು ಬೀಗರ ಕೋಣೆಗಳ ಗೋಡೆಗಳನ್ನು ಎಬ್ಬಿಸಲೇ ಇಲ್ಲ. ಇಡೀ ಮಹಡಿಯನ್ನು ವಖಾರಿ ಮಾಡಿದರು. ತಂಬಾಕು ಒಣಗಿ ಚೀಲ ಸೇರುವುದೂ ಚೈತ್ರ ವೈಶಾಖದಲ್ಲಿ, ಮದುವೆಗಳ ಸುಗ್ಗಿಯೂ ಆಗಲೇ. ಹೀಗಾಗಿ ಮೇಲೆ ಜಂತಿಯವರೆಗೆ ಚೀಲ ಒಟ್ಟಿದ್ದಾಗಲೇ ಕೆಳಗೆ ಊರೆಲ್ಲ ಕೂತು ಅಕ್ಕಿಕಾಳು ಹಾಕುವುದು. ಭಾರದ ಮಾತು ತೆಗೆದರೆ ಬಾಪುಸಾಹೇಬರು ನಗುತ್ತಿದ್ದರು: ತಂಬಾಕೆಂದರೆ ಎಲೆ, ಎಲೆಗೆ ಎಂಥ ಭಾರ?

ಒಂದೊಂದು ಚೀಲ ಎತ್ತಲು ಇಬ್ಬರು ಹಮಾಲರು ಬೇಕು. ಅದು ನಮ್ಮ ಹೊಲದ ಬೆಳೆ, ನಮಗೆ ಗೊತ್ತಿಲ್ಲವೇ? ಅಷ್ಟೇ ಅಲ್ಲ. ಗಿರಾಕಿ ಬರುವ ಮುನ್ನ ಎಲೆ ಪುಡಿಯಾಗಬಾರದೆಂದು ಅದಕ್ಕೆ ನೀರು ಸಿಂಪಡಿಸುತ್ತಾರೆ. ಪುಡಿಯಾಗಬಾರದು ಎನ್ನುವುದು ಹೇಳುವ ಮಾತು, ತಕ್ಕಡಿ ಕೆಳಗಿಳಿಯಲಿ ಎನ್ನುವುದು ಒಳಗಿನ ಮಾತು. ಮಾರುವಾಗ ಭಾರ ಬೇಕು, ಕಟ್ಟಡದ ಮೇಲೆ ಹೇರುವಾಗ ಮಾತ್ರ ಅದು ಹಗುರ ಎಲೆ. ಇಂಥ ಹೇಸಿಗೆ ಲೆಕ್ಕವನ್ನು ಕೋಟು ಹಾಕಿಕೊಂಡು ಹೇಳುತ್ತಿದ್ದರು.

ತೊಂಬತ್ತೆರಡರಲ್ಲಿ ನನ್ನ ಮಗಳು ತ್ರಿಶಲಾಳ ಮದುವೆ ಗೊತ್ತಾಯಿತು. ಗಂಡಿನವರು ಕಾಗವಾಡದವರು. ಬಾಪುಸಾಹೇಬರು ತಮ್ಮ ಕಾರ್ಯಾಲಯವನ್ನು ತಾವಾಗಿಯೇ ಕೊಟ್ಟರು. ನಮ್ಮವರು ಹಿಗ್ಗಿ ಆ ಕ್ಷಣವೇ ಒಪ್ಪಿಕೊಂಡು, ಪತ್ರಿಕೆ ಅಚ್ಚು ಹಾಕಿಸಿ ಬಂದರು.

ಮದುವೆಗೆ ಎರಡು ದಿನ ಮುಂಚೆ ಪಾತ್ರೆ ಪಗಡ ನೋಡಿಬರಲು ಹೋದೆ. ಹಾಲ್ ಗುಡಿಸುವ ಅಕ್ಕವ್ವ ಬಾಗಿಲಲ್ಲೇ ಕೂತಿದ್ದಳು. ಬಾಯಿ ತುಂಬ ಎಲೆಯಡಿಕೆ, ಬಾಯಿ ತುಂಬ ನಗು, ಯಾರ ಮದುವೆಯಾದರೂ ತನ್ನ ಮನೆಯದೇ ಎಂದುಕೊಳ್ಳುವ ಹೆಂಗಸು. ಹೆಣ್ಣು ಹೇಗಿದ್ದಾಳೆ, ಸೀರೆ ಯಾವ ಬಣ್ಣ ಎಂದು ಎಲ್ಲ ಕೇಳಿದ ಮೇಲೆ, ಮಂಟಪದ ಜಾಗದಲ್ಲಿ ದಿನಾ ಉಸುಕು ಉದುರುತ್ತದೆ, ಗುಡಿಸಿ ಸಾಕಾಗಿದೆ ಎಂದಳು. ತಲೆಯೆತ್ತಿ ನೋಡಿದೆ. ಬೀಮಿನ ನಟ್ಟನಡುವೆ ಕೆಳಗಿನಿಂದ ಮೇಲಕ್ಕೆ ಬಿರುಕು ಹೋಗಿತ್ತು. ಬೀಮೂ ನೇರವಾಗಿರಲಿಲ್ಲ, ಹಳೆಯ ಹಗ್ಗದ ಮಂಚದಂತೆ ನಡುವೆ ಜೋತಿತ್ತು.

ಉತ್ತಮನನ್ನು ಕರೆಸಿದೆ. ಅವನು ಬಂದು ಬಿರುಕನ್ನು ನೋಡಿದ. ಬಹಳ ಹೊತ್ತು ನೋಡಿದ, ಅದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ನನ್ನ ಕಡೆ ತಿರುಗಿ ನಕ್ಕ.

"ಪ್ಲಾಸ್ಟರ್ ಬಿರುಕು ಬಿಟ್ಟೈತಿ ಮಾವಶಿ, ಮತ್ತೇನಿಲ್ಲ. ಮ್ಯಾಲ ಆನಿ ನಿಂತರೂ ಇದಕ್ಕ ಏನೂ ಆಗೂದಿಲ್ಲ."

ಹಾಗಾದರೆ ಮದುವೆ ಮುಗಿಯುವವರೆಗೆ ಚೀಲ ಇಳಿಸಿಕೊಡಲು ನಿನ್ನ ಮಾಮಾಗೆ ಹೇಳು ಎಂದೆ. ಮಾಮಾ ಕೇಳುವವರಲ್ಲ, ಅದರ ಗರಜೂ ಇಲ್ಲ ಎಂದ. ಮರುದಿನ ಗೌಂಡಿ ಬಂದು ಬಿರುಕಿಗೆ ಸಿಮೆಂಟು ಮೆತ್ತಿ ಸುಣ್ಣ ಹೊಡೆದ. ಅದರ ಮೇಲೆ ಮಂಟಪದವರು ಗುಲಾಬಿ ಬಣ್ಣದ ಬಟ್ಟೆಯ ಝಾಲರು ಕಟ್ಟಿದರು. ಎಷ್ಟು ಚಂದ ಕಂಡಿತೆಂದರೆ ನೋಡಿದವರೆಲ್ಲ ಹೊಗಳಿದರು. ನಮ್ಮವರಿಗೆ ಹೇಳಿದರೆ, ಓದಿದ ಇಂಜಿನಿಯರ್ ಗಟ್ಟಿಯಾಗಿದೆ ಎಂದ ಮೇಲೆ ನಿನ್ನದೇನು ಕಿರಿಕಿರಿ ಎಂದು ಬಾಯಿ ಮುಚ್ಚಿಸಿದರು. ಬಾಪುಸಾಹೇಬರನ್ನು ಎದುರುಹಾಕಿಕೊಳ್ಳಲು ಅವರಿಗೆ ಧೈರ್ಯವಿರಲಿಲ್ಲ. ಅದನ್ನು ಓದಿದವರ ಮಾತಿನ ಹಿಂದೆ ಬಚ್ಚಿಟ್ಟರು.

ಮುಹೂರ್ತ ನಡು ಮಧ್ಯಾಹ್ನಕ್ಕಿತ್ತು. ವೈಶಾಖದ ಬಿಸಿಲು ಅಂಗಳದ ಕಲ್ಲುಹಾಸಿನ ಫರಸಿಯನ್ನು ಕಾಯಿಸಿಬಿಟ್ಟಿತ್ತು. ಬಂದವರೆಲ್ಲ ಫ್ಯಾನಿನ ಕೆಳಗೆ ಜಾಗ ಹಿಡಿಯಲು ಒಳಗೆ ನುಗ್ಗುತ್ತಿದ್ದರು. ಪುರೋಹಿತರಾದ ಉಪಾಧ್ಯೆಯವರು ಮಂಗಲಾಷ್ಟಕ ಶುರು ಮಾಡಿದರು. ಒಂದೊಂದು ಪದ್ಯ ಮುಗಿದಾಗಲೂ "ಸಾವಧಾನ" ಎನ್ನುವುದು, ಜನ ಅಕ್ಕಿಕಾಳು ಎಸೆಯುವುದು. ನಾನು ಝಾಲರನ್ನೇ ನೋಡುತ್ತಿದ್ದೆ. ಕಣ್ಣು ನೋಯತೊಡಗಿ ಬಾಗಿಲ ಕಡೆ ತಿರುಗಿದೆ.

ಉತ್ತಮ ಅಂಗಳದಲ್ಲಿ ನಿಂತಿದ್ದ. ನೆರಳಿಲ್ಲ, ಪೆಂಡಾಲಿಲ್ಲ, ಸುಡುಬಿಸಿಲು. ಪಕ್ಕದಲ್ಲಿ ಅವನ ಹೆಂಡತಿ ರೇಷ್ಮೆ ಸೀರೆಯ ಸೆರಗು ತಲೆಯ ಮೇಲೆ ಹೊದ್ದು ಬೆವರುತ್ತಿದ್ದಳು. ಅವನ ಪುಟ್ಟ ಮಗಳು ಸೋನಾಲಿ ಒಂದು ಕಾಲು ಎತ್ತಿ ಒಂದು ಕಾಲು ಇಟ್ಟು ಕುಣಿಯುತ್ತಿದ್ದಳು. ಅಲ್ಲಿಂದಲೇ ಅವರು ಅಕ್ಕಿಕಾಳು ಎಸೆಯುತ್ತಿದ್ದರು. ಕಾಳು ಬಾಗಿಲನ್ನೂ ಮುಟ್ಟುತ್ತಿರಲಿಲ್ಲ.

ನಾನು ಹೊರಗೆ ಹೋದೆ. ಅಂತರಪಟ ಸರಿಯುವ ಹೊತ್ತಿಗೆ ಹೆಣ್ಣಿನ ತಾಯಿ ಅಂಗಳಕ್ಕೆ ಬಂದದ್ದು ನೋಡಿ ಅವನು ಗಾಬರಿಯಾದ. ಒಳಗೆ ಬಾ ಎಂದೆ. ಇಲ್ಲೇ ಗಾಳಿ ಚೆನ್ನಾಗಿದೆ ಎಂದ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಕೂಸಿನ ಕಾಲು ಸುಡುತ್ತಿದೆ, ಇವಳನ್ನಾದರೂ ಕರೆದೊಯ್ಯುತ್ತೇನೆ ಎಂದು ಸೋನಾಲಿಯ ಕೈ ಹಿಡಿದೆ. ಅವಳು ಖುಷಿಯಿಂದ ಹೊರಟಳು. ಉತ್ತಮ ಬಲಗೈಯಿಂದ ಅವಳ ಇನ್ನೊಂದು ಕೈ ಹಿಡಿದ. ಮಗುವಿಗೆ ನೋವಾಗಿ ಅಳುವಷ್ಟು ಗಟ್ಟಿಯಾಗಿ ಹಿಡಿದ.

ನಾನು ಅವನ ಮುಖ ನೋಡಿದೆ. ಅವನು ನೋಡಲಿಲ್ಲ. ಇವನಿಗೆ ಎಲ್ಲ ಗೊತ್ತಿದೆ. ಗೊತ್ತಿದ್ದೇ ನಕ್ಕಿದ್ದಾನೆ, ಗೊತ್ತಿದ್ದೇ ಸುಣ್ಣ ಹೊಡೆಸಿದ್ದಾನೆ, ಗೊತ್ತಿದ್ದೇ ಹೊಸ ಅಂಗಿ ತೊಟ್ಟು ಮದುವೆಗೆ ಬಂದಿದ್ದಾನೆ. ಒಳಗೆ ನನ್ನ ಮಗಳು ಬಾಸಿಂಗ ಕಟ್ಟಿಕೊಂಡು ಅದೇ ಬೀಮಿನ ಕೆಳಗೆ ನಿಂತಿದ್ದಾಳೆ.

ಹೇಗೆ ಓಡಿದೆನೋ ಗೊತ್ತಿಲ್ಲ. ಮಂಟಪ ಹತ್ತಿ ತ್ರಿಶಲಾಳ ರಟ್ಟೆ ಹಿಡಿದು ಎಳೆದೆ. ಮಂಗಲಾಷ್ಟಕ ಅರ್ಧಕ್ಕೆ ನಿಂತಿತು. ಗಂಡಿನ ತಾಯಿ ಲಕ್ಷ್ಮಿಬಾಯಿ ನನ್ನ ಕೈಗೆ ಅಡ್ಡ ಬಂದು, ಬೀಗತಿಗೆ ತಲೆ ಕೆಟ್ಟಿದೆ ಎಂದರು. ನಮ್ಮವರು ನನ್ನನ್ನು ಹೊಡೆಯಲೆಂದೇ ಬಂದರು.

"ಬಾಗಲಾ ನೋಡ್ರಿ ಎಲ್ಲಾರೂ," ಎಂದೆ. "ಈ ಹಾಲ್ ಕಟ್ಟಿದ ಇಂಜಿನಿಯರ್ ತನ್ನ ಮಗಳನ್ನ ಬಿಸಲಾಗ ನಿಂದರಿಸ್ಯಾನ. ನನ್ನ ಮಗಳೂ ಬಿಸಲಾಗೇ ನಿಂದರ್ತಾಳ."

ಇಡೀ ಹಾಲ್ ಬಾಗಿಲ ಕಡೆ ತಿರುಗಿತು. ಉತ್ತಮ ಅಳುವ ಮಗಳನ್ನು ಎತ್ತಿಕೊಂಡು ನಿಂತಿದ್ದ. ಆಮೇಲೆ ಎಲ್ಲರಿಗಿಂತ ಮೊದಲು ಉಪಾಧ್ಯೆಯವರೇ ಕಲಶ ಎತ್ತಿಕೊಂಡು ಹೊರಟರು. ಅವರ ಹಿಂದೆ ಹೆಂಗಸರು ಮಕ್ಕಳು, ಕೊನೆಗೆ ಗೊಣಗುತ್ತ ಗಂಡಸರು. ಕಾದ ಫರಸಿಯ ಮೇಲೆ ಜಮಖಾನೆ ಹಾಸಿ ಮದುವೆ ಮುಗಿಸಿದೆವು. ಆದರೂ ತ್ರಿಶಲಾಳ ಕಾಲಿನಲ್ಲಿ ಬೊಬ್ಬೆಗಳು ಎದ್ದವು.

ಅಂದು ಬೀಮು ಬೀಳಲಿಲ್ಲ. ಬಾಪುಸಾಹೇಬರಿಗೆ ಅಷ್ಟೇ ಸಾಕಾಯಿತು. ಕೊಗನೊಳ್ಳಿಯ ತಾರಾಬಾಯಿಗೆ ಹುಚ್ಚು ಎಂದು ನನ್ನ ಹೆಸರು ಹಿಡಿದು ಪೇಟೆಯ ತುಂಬ ಹೇಳಿ ನಗಿಸಿದರು. ಆ ವರ್ಷದ ಉಳಿದ ಮದುವೆಗಳೂ ಅಲ್ಲೇ ಆದವು. ಹೇಳಲು ಹೋದ ನನ್ನನ್ನು ಜನ ಕನಿಕರದಿಂದ ನೋಡಿದರು. ಬಿಸಿಲಿನಲ್ಲಿ ನಿಂತ ಉತ್ತಮನನ್ನು ಕಣ್ಣಾರೆ ಕಂಡವರೂ ಮರೆತುಬಿಟ್ಟರು. ಅವನು ಪೇಟೆಯಲ್ಲಿ ಇನ್ನೊಂದು ಕಟ್ಟಡಕ್ಕೆ ನಕಾಶೆ ಹಾಕುತ್ತಿದ್ದ.

ಆಷಾಢದಲ್ಲಿ ಮದುವೆಗಳಿಲ್ಲ. ಖಾಲಿ ಹಾಲಿನಲ್ಲಿ ಹೆಂಗಸರನ್ನು ಕೂಡಿಸಿ ತಂಬಾಕು ಆರಿಸುತ್ತಿದ್ದರು. ಹೊರಗೆ ಜಿಟಿಜಿಟಿ ಮಳೆ. ಗಿರಾಕಿ ಬರುತ್ತಾನೆಂದು ಮೇಲೆ ಚೀಲಗಳಿಗೆ ನೀರು ಹೊಡೆದರು. ಮಧ್ಯಾಹ್ನ ಹೆಂಗಸರು ಬುತ್ತಿಯ ಡಬ್ಬಿ ತೊಳೆಯಲು ಹೊರಗೆ ಹೋದಾಗ ಬೀಮು ಮುರಿದು ಮಹಡಿಯೆಲ್ಲ ಕೆಳಗೆ ಬಂತು. ಕಸ ಗುಡಿಸಲೆಂದು ಅಕ್ಕವ್ವ ಒಳಗೇ ಇದ್ದಳು. ಅವಳ ಹೆಣ ಹೊರತೆಗೆಯುವ ಹೊತ್ತಿಗೆ ನಾನು ಅಲ್ಲಿಗೆ ತಲುಪಿದ್ದೆ. ಒದ್ದೆ ತಂಬಾಕಿನ ನಾತ ಮೂಗಿಗೆ ಬಡಿಯುತ್ತಿತ್ತು. ಬಾಪುಸಾಹೇಬರು ಮೊದಲು ಹಮಾಲರನ್ನು ಕರೆದು ಒಡೆಯದ ಚೀಲಗಳನ್ನು ಬೇರೆ ಇಡಿಸುತ್ತಿದ್ದರು.

ಚಿಕ್ಕೋಡಿಯ ಸರಕಾರಿ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಮಳೆಗೆ ಬುನಾದಿಯ ಮಣ್ಣು ಕುಸಿಯಿತು, ದೇವರ ಆಟ, ಮೊದಲೇ ತಿಳಿಯುವಂಥದ್ದಲ್ಲ ಎಂದು ಉತ್ತಮ ತಗ್ಗಿದ ದನಿಯಲ್ಲಿ ಹೇಳಿದ. ಅವನ ಮಾತು ಎಷ್ಟು ನಯವಾಗಿತ್ತೆಂದರೆ ವಿಚಾರಣೆಗೆ ಕೂತ ಸಾಹೇಬರು ತಲೆದೂಗಿದರು. ನಾನಾಗಿಯೇ ಹೋಗಿ, ನನ್ನ ಮಾತನ್ನೂ ಬರೆದುಕೊಳ್ಳಿ ಎಂದು ನಿಂತೆ. ಇವನಿಗೆ ಮೊದಲೇ ಗೊತ್ತಿತ್ತು ಎಂದೆ. ಸಾಹೇಬರು ಬೇಸರದಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿಮಗ ಹ್ಯಾಂಗ ತಿಳೀತ್ರಿ? ನೀವೇನು ಇಂಜಿನಿಯರ್ ಏನು?"

"ಅಲ್ರಿ," ಎಂದೆ. "ಅವನ ಮಗಳ ಒಂದು ಕೈ ನಾ ಹಿಡದಿದ್ದೆ, ಇನ್ನೊಂದು ಕೈ ಅವ ಹಿಡದಿದ್ದ. ಕೂಸು ಅತ್ತರೂ ಒಳಗ ಬಿಡಲಿಲ್ಲರಿ. ಅಕ್ಕವ್ವ ದಿನಾ ಅವನ ಕಣ್ಣ ಮುಂದನ ಕಸಬರಿಗಿ ಹಿಡಕೊಂಡು ಒಳಗ ಹೋಗತಿದ್ಲು. ಆಕಿ ಕೈ ಯಾಕ ಹಿಡೀಲಿಲ್ಲ, ಅವನ್ನ ಕೇಳ್ರಿ."

ಸಾಹೇಬರ ಪೆನ್ನು ನಿಂತಿತು. ಅವರು ಉತ್ತಮನ ಕಡೆ ನೋಡಿದರು. ಅವನು ಮೇಜಿನ ಮೇಲಿದ್ದ ಬಲಗೈಯನ್ನು ಮೆಲ್ಲಗೆ ಕೆಳಗಿಳಿಸಿಕೊಂಡ.