ಎರಡು ಇಂಚಿನ ಸೇಡು

ಮುಸಲ್ಲಮ್ ನನ್ನ ಗಂಡನ ತಮ್ಮ. ಅವನ ಗಾಡಿ ಮರಳಲ್ಲಿ ಹೂತು ಕೂರಬೇಕು, ನಾನು ಹೋಗಿ ಎಳೆಯುವವರೆಗೆ ಅವನು ಕಾಯಬೇಕು ಎಂಬ ಒಂದೇ ಆಸೆಯಲ್ಲಿ ಇಡೀ ಚಳಿಗಾಲ ಕಳೆದವಳು ನಾನು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಶುರು ಮಾಡಿದವನು ಅವನೇ. ಒಂಟೆ ಓಟದ ದಿನ ಬಿಳಿದಿಬ್ಬವೆಂಬ ಮರಳುಗುಡ್ಡದ ನೆತ್ತಿಯಲ್ಲಿ ನನ್ನ ಲ್ಯಾಂಡ್ ಕ್ರೂಸರ್ ಹೊಟ್ಟೆ ತಾಗಿಸಿಕೊಂಡು ನಿಂತುಬಿಟ್ಟಿತು. ಮುಂದಿನ ಚಕ್ರ ಆ ಕಡೆ, ಹಿಂದಿನ ಚಕ್ರ ಈ ಕಡೆ, ನಡುವೆ ಮರಳು. ತೀರಿಹೋದ ನನ್ನ ಗಂಡ ಹಮೂದನ ಗಾಡಿ ಅದು. ನೀರಿನ ಡ್ರಮ್ಮು, ಮೇವು, ಮೇಕೆ ಹೊತ್ತೂ ಹೊತ್ತೂ ಸ್ಪ್ರಿಂಗುಗಳು ಕುಸಿದಿದ್ದವು. ಮುಸಲ್ಲಮ್ ಬಂದು ಎಳೆದ. ಎಳೆಯಲಿ, ಅದು ಮರಳಿನ ಧರ್ಮ. ಆದರೆ ಎಳೆಯುವ ಮೊದಲು ಫೋನು ಹಿಡಿದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

“ನೋಡ್ರಪ್ಪಾ ನೋಡಿ, ನಮ್ಮತ್ತಿಗೆ ಒಂಟೆ ಕೂತ್ಬಿಟ್ಟಿದೆ! ಏಳಲ್ವಂತೆ. ಒಂದೆರಡು ಖರ್ಜೂರ ತಿನ್ಸಿ ನೋಡಿ ಅತ್ತಿಗೆ!”

ಸಂಜೆಯೊಳಗೆ ಆ ವಿಡಿಯೋ ನಮ್ಮ ಕುಲದವರೆಲ್ಲರ ಫೋನಿನಲ್ಲಿತ್ತು. ಬುರ್ಖಾ ಇದ್ದದ್ದರಿಂದ ನನ್ನ ಮುಖ ಉರಿದದ್ದು ಯಾರಿಗೂ ಕಾಣಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಮರೆಯುತ್ತಿದ್ದೆನೇನೋ. ನನ್ನ ಮಗಳು ಘಾಲಿಯಾಳ ಮದುವೆಯ ಮಾತಿಗೆ ಎಲ್ಲರೂ ಕೂತಿದ್ದಾಗ, ಕಾಫಿ ಸಾಕೆಂದು ಬಟ್ಟಲು ಅಲ್ಲಾಡಿಸುತ್ತಾ ಅವನು ಅಪ್ಪಣೆ ಕೊಡಿಸಿದ: “ಮದುಮಗಳು ನನ್ನ ಗಾಡೀಲಿ ಬರ್ತಾಳೆ. ಆ ಕೂತ ಒಂಟೇನ ನಂಬ್ಕೊಂಡ್ರೆ ಮದುವೆ ದಿಬ್ಬದ ಮೇಲೇ ಆಗುತ್ತೆ ಅಷ್ಟೆ.”

ಎಲ್ಲರೂ ನಕ್ಕರು. “ಅವಳು ಅವಳಪ್ಪನ ಗಾಡೀಲೇ ಹೋಗ್ತಾಳೆ,” ಎಂದು ನಾನೂ ಪಟ್ಟು ಹಿಡಿದೆ.

ನಮ್ಮಲ್ಲಿ ಮದುಮಗಳ ಗಾಡಿ ಎಲ್ಲಕ್ಕಿಂತ ಮುಂದೆ ಹೋಗುತ್ತದೆ. ಗಾಳಿ ಸವರಿಟ್ಟ ಮರಳಿನ ಮೇಲೆ ಮೊದಲ ಗುರುತು ಅವಳ ಗಾಡಿಯದೇ ಆಗಬೇಕು. ಬಿಳಿದಿಬ್ಬ ದಾಟಿ ಗಂಡಿನ ಮನೆ ಮುಟ್ಟುವ ತನಕ ಅದು ನಿಲ್ಲಬಾರದು, ಹಿಂದೆ ತಿರುಗಬಾರದು. ಘಾಲಿಯಾ ಹುಟ್ಟಿದಾಗ ಆಸ್ಪತ್ರೆಯಿಂದ ಬಂದದ್ದು ಹಮೂದನ ಗಾಡಿಯಲ್ಲಿ. ಅಪ್ಪನಿಲ್ಲದ ಹುಡುಗಿ ಅಪ್ಪನ ಗಾಡಿಯಲ್ಲಾದರೂ ಗಂಡನ ಮನೆಗೆ ಹೋಗಲಿ ಎಂಬುದು ನನ್ನ ಹಠ.

ಜಗಳ ಬಿಡಿಸಿದವರು ಅತ್ತೆ. “ಮದುವೆಗೆ ಮುಂಚೆ ನನ್ನ ಕೂರಿಸ್ಕೊಂಡು ಬಿಳಿದಿಬ್ಬ ಹತ್ತು, ಝಯಾನಾ. ಹತ್ತಿದ್ರೆ ನಿನ್ನ ಗಾಡಿ. ಕೂತ್ರೆ ಅವನ ಗಾಡಿ. ಇನ್ನು ಬಾಯ್ಮುಚ್ಕೊಂಡು ಹಲ್ವಾ ತಿನ್ನಿ.”

ಮರುದಿನವೇ ಪೇಟೆಯ ಗ್ಯಾರೇಜಿಗೆ ಹೋದೆ. ಪೇಶಾವರದ ಮೆಕ್ಯಾನಿಕ್ ಗುಲ್ ಜಮಾನ್ ಬಣ್ಣದ ಪೆಟ್ಟಿಗೆಯೊಂದನ್ನು ಹೊತ್ತು ತಂದ. “ಅಕ್ಕಾ, ಹೊರದೇಶದ ಮಾಲು. ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಎಲ್ಲಾ ಒಟ್ಟಿಗೇ ಇದೆ. ನಾಲ್ಕು ಇಂಚು ಎತ್ತುತ್ತೆ.” ಬೆಲೆ ಕೇಳಿದರೆ, ಆ ದುಡ್ಡಿಗೆ ಹಾಲು ಕೊಡುವ ಒಂಟೆಯೇ ಬರುತ್ತಿತ್ತು. ನನ್ನ ಹತ್ತಿರ ಇದ್ದದ್ದು ಮೇಕೆ ಮಾರಿದ ದುಡ್ಡು.

“ಹಂಗಾದ್ರೆ ಇದು ನೋಡಿ. ಅಗ್ಗ, ನೀರಿನ ರೇಟು.” ಸ್ಪ್ರಿಂಗಿನ ಮೇಲೆ ಕೂರಿಸುವ ರಬ್ಬರ್ ಬಿಲ್ಲೆಗಳನ್ನು ಮೇಜಿನ ಮೇಲಿಟ್ಟ.

ಕುಸಿದ ಸ್ಪ್ರಿಂಗಿನ ಮೇಲೆ ಬಿಲ್ಲೆ ಇಡುವುದೂ ಒಂದೇ, ಮಂಡಿನೋವಿನ ಮುದುಕಿಗೆ ಎತ್ತರದ ಚಪ್ಪಲಿ ಹಾಕುವುದೂ ಒಂದೇ. ಎತ್ತರ ಕಾಣುತ್ತಾಳೆ, ನಡೆಯಲಾರಳು. ಗಾಡಿ ಮೇಲೇಳುತ್ತದೆ, ಶಾಕ್ ಅಬ್ಸಾರ್ಬರು ಮಾತ್ರ ಹಳೆಯ ಗಿಡ್ಡದ್ದೇ. ತಗ್ಗು ಬಂದಾಗ ಚಕ್ರ ಕೆಳಗಿಳಿಯಲು ಅದು ಬಿಡುವುದಿಲ್ಲ. ಚಕ್ರ ಗಾಳಿಯಲ್ಲೇ ಗಿರಗಿರ ತಿರುಗುತ್ತದೆ. ಮದುವೆಯಾದ ಹೊಸದರಲ್ಲಿ ಹಮೂದ್ ನನ್ನನ್ನು ಗಾಡಿಯ ಕೆಳಗೆ ಕರೆದುಕೊಂಡು ಹೋಗಿ ಇದನ್ನೆಲ್ಲ ತೋರಿಸಿದ್ದ. ಬೇರೆ ಗಂಡಂದಿರು ಬಂಗಾರ ತೋರಿಸುತ್ತಾರೆ.

“ನಾಲ್ಕು ಇಂಚೂ ಬೇಡ, ಬಿಲ್ಲೇನೂ ಬೇಡ,” ಎಂದೆ. “ಎರಡು ಇಂಚು ಎತ್ತೋ ಸ್ಪ್ರಿಂಗು ಕೊಡು, ಭಾರ ಹೊರೋದು. ಹೆಸರಿಲ್ಲದ ಕಂಪನಿದಾದ್ರೂ ಪರವಾಗಿಲ್ಲ. ಅದಕ್ಕೆ ಸರಿಯಾಗಿ ಉದ್ದನೆ ಶಾಕು ಹಾಕು.”

“ಖಾಲಿ ಗಾಡಿ ಕುಣಿಯುತ್ತಕ್ಕಾ. ಆಮೇಲೆ ನನ್ನ ಬೈಬೇಡಿ.”

“ನನ್ನ ಗಾಡಿ ಯಾವತ್ತಪ್ಪಾ ಖಾಲಿ ಇತ್ತು?”

ಎರಡೇ ಇಂಚಾದ್ದರಿಂದ, ಚಕ್ರಕ್ಕೆ ಇಳಿಯುವ ಬ್ರೇಕಿನ ಪೈಪು ಉದ್ದ ಸಾಲದೆ ಅದನ್ನೂ ಬದಲಿಸುವ ಖರ್ಚು ಬರಲಿಲ್ಲ. ಮನೆಗೆ ಬರುವಾಗ ಗಾಡಿ ಮೇಕೆಮರಿಯ ಹಾಗೆ ಕುಣಿದದ್ದು ನಿಜ, ನನ್ನ ಸೊಂಟ ಹಿಡಿದುಕೊಂಡಿತು. ಆದರೆ ಹಿಂದೆ ಮೇವಿನ ಕಂತೆ ತುಂಬಿ, ಮುಂದೆ ಅತ್ತೆಯನ್ನು ಕೂರಿಸಿ, ಮರಳಲ್ಲಿ ಹೂಳದಿರಲೆಂದು ಚಕ್ರದ ಗಾಳಿ ಇಳಿಸಿ ಬಿಳಿದಿಬ್ಬಕ್ಕೆ ನುಗ್ಗಿಸಿದಾಗ ಅದು ಗಂಭೀರವಾಗಿ ಹತ್ತಿತು. ನೆತ್ತಿಯಲ್ಲಿ ಹೊಟ್ಟೆ ತಾಗಲೇ ಇಲ್ಲ. ಅತ್ತೆ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದವರು ಆ ಕಡೆ ಇಳಿದ ಮೇಲೆ ಒಂದೇ ಮಾತಂದರು: “ನನ್ನ ಮಗನ ಗಾಡಿ.” ಅಷ್ಟು ಹೊತ್ತು ಇಲ್ಲದ ಅಳು ನನಗೆ ಆಗ ಬಂತು.

ಮುಸಲ್ಲಮನ ಹೊಟ್ಟೆಗೆ ಬೆಂಕಿ ಬಿತ್ತು. ವಾರದೊಳಗೆ ಅವನ ಗಾಡಿಯೂ ಮೇಲೆದ್ದಿತು. ತೋರಿಸಲೆಂದೇ ನಮ್ಮ ಬಾಗಿಲಿಗೆ ತಂದು ನಿಲ್ಲಿಸಿದ.

“ನಾಲ್ಕು ಇಂಚು ಅತ್ತಿಗೆ! ನಿಮ್ಮದರ ಎರಡರಷ್ಟು. ಮದುಮಗಳ ಹಿಂದೇನೇ ಬರ್ತೀನಿ. ನೀವು ಕೂತ್ರೆ ಎಳೆಯೋಕೆ ಒಬ್ರು ಬೇಕಲ್ಲ?”

ಬಗ್ಗಿ ನೋಡಿದೆ. ಬಿಲ್ಲೆಯ ಮೇಲೆ ಬಿಲ್ಲೆ. ಗಿಡ್ಡ ಶಾಕು ಆಗಲೇ ಪೂರ್ತಿ ಎಳೆದುಕೊಂಡು ನಿಂತಿತ್ತು. ಬ್ರೇಕಿನ ಪೈಪು ಬಟ್ಟೆ ಒಣಹಾಕುವ ತಂತಿಯಷ್ಟು ಬಿಗಿಯಾಗಿತ್ತು. ನನ್ನೊಳಗಿನ ಸೈತಾನ ಸುಮ್ಮನಿರು ಎಂದ. ಅಷ್ಟರಲ್ಲಿ ಅವನ ಚಿಕ್ಕ ಮಗಳು ಕಿಟಕಿಯಿಂದ ನನಗೆ ಕೈಬೀಸಿದಳು.

“ಬ್ರೇಕ್ ಪೈಪು ಇವತ್ತೇ ಉದ್ದದ್ದು ಹಾಕ್ಸು,” ಎಂದೆ. “ಕಿತ್ಕೊಂಡು ಬಂದ್ರೆ ಗಾಡಿ ನಿಲ್ಲಲ್ಲ. ಈಗ್ಲೇ ಹೋಗು, ನಿಧಾನಕ್ಕೆ.”

ಅವನೂ ಬಗ್ಗಿ ಪೈಪು ನೋಡಿದ. “ಮಿಕ್ಕಿದ್ದು?”

“ಮಿಕ್ಕಿದ್ದು ನೋಡೋಕೆ ತುಂಬಾ ಚೆನ್ನಾಗಿದೆ.”

ಪೈಪು ಬದಲಾಯಿಸಿಕೊಂಡೇ ಬಂದ. ನಾನೇ ಇನ್ನೊಮ್ಮೆ ಬಗ್ಗಿ ಖಾತ್ರಿ ಮಾಡಿಕೊಂಡೆ. ಶಾಕಿನ ಮಾತು ಎತ್ತಲಿಲ್ಲ.

ಮದುವೆಯ ದಿನ ನನ್ನ ಗಾಡಿಯಲ್ಲಿ ಘಾಲಿಯಾ, ಅತ್ತೆ, ನಾಲ್ಕು ಜನ ಹೆಂಗಸರು, ಬಟ್ಟೆಪೆಟ್ಟಿಗೆಯಷ್ಟು ದೊಡ್ಡ ಧೂಪದ ಪೆಟ್ಟಿಗೆ, ಹಲ್ವಾದ ಹರಿವಾಣಗಳು. ಭಾರ ಬಿದ್ದ ಸ್ಪ್ರಿಂಗು ಹಾಯಾಗಿತ್ತು. ಬಿಳಿದಿಬ್ಬದ ಮೇಲೆ ಒಂದು ಗೆರೆಯೂ ಇರಲಿಲ್ಲ. ನೇರ ಹತ್ತಿಸಿ, ನೇರ ಇಳಿಸಿದೆ. ಹೆಂಗಸರು ನಾಲಿಗೆ ಆಡಿಸುತ್ತಾ ‘ಲೂ ಲೂ’ ಎಂದು ಮದುವೆಯ ಕೇಕೆ ಹಾಕಿದರು. ನಾನು ಮಾತ್ರ ಕನ್ನಡಿ ನೋಡುತ್ತಿದ್ದೆ.

ಮುಸಲ್ಲಮನ ಎತ್ತರದ ಗಾಡಿ ತೂಗಾಡುತ್ತಾ ಬಂತು. ನೇರ ಇಳಿಸಿದರೆ ಮುಗ್ಗರಿಸೀತೆಂದು ಅವನಿಗೆ ಹೆದರಿಕೆಯಾಗಿರಬೇಕು, ನೆತ್ತಿಯನ್ನು ಓರೆಯಾಗಿ ದಾಟಲು ಹೋದ. ಎಡಗಡೆಯ ಹಿಂದಿನ ಚಕ್ರವೂ ಬಲಗಡೆಯ ಮುಂದಿನ ಚಕ್ರವೂ ಗಾಳಿಯಲ್ಲಿ ತಿರುಗಿದವು, ಮಿಕ್ಕೆರಡು ಮರಳಲ್ಲಿ ಹೂತವು. ಗಾಡಿ ಕೂತಿತು.

“ಅಮ್ಮಾ, ಚಿಕ್ಕಪ್ಪ ಸಿಕ್ಕಾಕೊಂಡ್ರು,” ಎಂದಳು ಘಾಲಿಯಾ.

“ಮದುಮಗಳ ಗಾಡಿ ನಿಲ್ಲಬಾರ್ದು ಕಣೇ,” ಎಂದೆ. ಆ ಸಂಪ್ರದಾಯ ಮಾಡಿಟ್ಟ ಹಿರಿಯರಿಗೆ ಅಲ್ಲಾಹ್ ಒಳ್ಳೆಯದು ಮಾಡಲಿ.

ಹಿಂದಿನ ಗಾಡಿಯವರು ಅವನ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡು ಬಂದರು. ಅವನು ಮಾತ್ರ, ನಾನೇ ತೆಗೀತೀನಿ ನಡೀರಿ ಎಂದು ಗದರಿ ಕಳಿಸಿದನಂತೆ. ಆದರೆ ಅಪ್ಪನ ಜಾಗದಲ್ಲಿ ನಿಲ್ಲಬೇಕಾದ ಚಿಕ್ಕಪ್ಪ ಬಂದು ಕೂರದೆ ಊಟದ ಹರಿವಾಣ ತೆರೆಯುವ ಹಾಗಿಲ್ಲ. ಇಡೀ ಕುಲ ಮಾಂಸದ ವಾಸನೆ ಕುಡಿಯುತ್ತಾ ಕಾಯಿತು. ಕೊನೆಗೆ ಅತ್ತೆಯೇ ನನ್ನ ಜೊತೆ ಹೊರಟರು.

ಅವನು ಮೊಣಕೈವರೆಗೆ ಮರಳಾಗಿದ್ದ. ಮದುವೆಯ ರುಮಾಲು ಎಲ್ಲೋ ಬಿದ್ದಿತ್ತು. “ಹಗ್ಗ ತಂದ್ರಾ ಅತ್ತಿಗೆ?”

“ತಂದಿದೀನಿ. ಊಟ ಆದ್ಮೇಲೆ ಎಳೀತೀನಿ. ಹಿಂದೆ ಹತ್ತು, ಜನ ಹಸ್ಕೊಂಡಿದಾರೆ.”

ನನ್ನ ಗಾಡಿ ಈಗ ಭಾರವಿಲ್ಲದೆ ಕುಣಿಯುತ್ತಿತ್ತು. ಇದ್ದಬದ್ದ ಹಳ್ಳಗಳ ಮೇಲೆಲ್ಲ ಹಾಯಿಸಿದೆ. ಅವನ ತಲೆ ಚಾವಣಿಗೆ ಬಡಿಯುವ ಸದ್ದು ಕೇಳುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಕೇಳಿದ: “ಶಾಕು ಗಿಡ್ಡ ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ಬ್ರೇಕಿಂದು ಹೇಳಿದ್ರಿ. ಇದನ್ನ ಹೇಳ್ಲಿಲ್ಲ.”

“ಅದು ನಿನ್ನ ಮಕ್ಕಳ ಪಾಲು. ಇದು ನಿನ್ನ ಪಾಲು.”

ಅತ್ತೆ ಕಿಟಕಿಯಾಚೆ ನೋಡುತ್ತಾ ಜಪಮಣಿ ಎಣಿಸಿದರು.

ಡೇರೆಯ ಮುಂದೆ ಗಂಡಸರೆಲ್ಲ ಎದ್ದು ನಿಂತಿದ್ದರು. ‘ಕೂತ ಒಂಟೆ’ಯ ಹಿಂಬಾಗಿಲಿನಿಂದ ಅವನು ಮರಳು ಉದುರಿಸುತ್ತಾ ಇಳಿದ. “ಏನಾಯ್ತೋ ಮುಸಲ್ಲಮ್, ಇಷ್ಟು ಹೊತ್ತು?” ಎಂದು ಬೀಗರು ಕೇಳಿದರು.

ಅವನು ನನ್ನ ಕಡೆ ನೋಡಿದ. ನಾನು ಫೋನು ತೆಗೆಯಲಿಲ್ಲ.

“ನನ್ನ ಒಂಟೆ ಕೂತಿತ್ತು,” ಎಂದ, ನೆಲ ನೋಡುತ್ತಾ.

“ಜೋರಾಗಿ ಹೇಳು,” ಎಂದೆ ನಾನು.