ಮಸಿ ಹಚ್ಚಿದ ತೋಟಾ

ಸೋಮವಾರ ಬೆಳಿಗ್ಗೆ ಯಜಮಾನರು, ಕೈ ನಡುಗುತ್ತದೆಂದು ಹೇಳಿ, ತಿಬುರ್ಸಿಯೊನನ್ನು ಕೆಲಸದಿಂದ ತೆಗೆದರು. ಹತ್ತು ಹೊಸ ಬೇಟೆ ರೈಫಲ್ಲುಗಳಲ್ಲಿ ತೋಟಾ ಸಿಕ್ಕಿಕೊಳ್ಳುತ್ತಿತ್ತು. ನಳಿಗೆಯೊಳಗೆ ತೋಟಾ ಕೂರುವ ಗೂಡನ್ನು ಕೊರೆದವನು ಅವನು. ಆ ರೈಫಲ್ಲುಗಳನ್ನು ಆಗಿನ್ನೂ ಯಾರೂ ಬಿಚ್ಚಿ ನೋಡಿರಲಿಲ್ಲ.

ಮಂಗಳವಾರ ಅವು ನನ್ನ ಮೇಜಿಗೆ ಬಂದವು. ನಮ್ಮ ಐಬಾರ್ ಊರಿನಲ್ಲಿ ಬಂದೂಕು ಒಂದೇ ಸೂರಿನಡಿ ಹುಟ್ಟುವುದಿಲ್ಲ. ಒಂದು ಮನೆಯಲ್ಲಿ ಕೊರೆತ, ಇನ್ನೊಂದರಲ್ಲಿ ಅರ ಹಾಕುವುದು, ಮತ್ತೊಂದರಲ್ಲಿ ಮರದ ಹಿಡಿ. ಹೆಂಗಸರಾದ ನಾವು ಬುಟ್ಟಿಯಲ್ಲಿ ಹೊತ್ತು ಬೀದಿ ಹತ್ತಿ ಇಳಿದು ಸಾಗಿಸುತ್ತೇವೆ. ಕೊನೆಗೆ ಹೊಳೆಯಂಚಿನ ಕೊಟ್ಟಿಗೆಯಲ್ಲಿ ಗುಂಡು ಹಾರಿಸಿ ನೋಡಿ, ಸರಿಯಿದೆ ಎಂದು ಸಹಿ ಹಾಕುವವಳು ನಾನು. ಹೆಸರು ಕಂದಿದ.

ಮೊದಲ ತೋಟಾ ಅರ್ಧಕ್ಕೆ ನಿಂತಿತು. ಮೊಣಕೈಯಿಂದ ಗುದ್ದಿ ನಳಿಗೆಯ ಹಿಂಬಾಯಿಯ ಬೋಲ್ಟು ಮುಚ್ಚಿ ಹಾರಿಸಿದೆ. ತೋಟಾದ ಖಾಲಿ ಕೋಶ ಹೊರಗೆ ಬರಲಿಲ್ಲ. ಎಳೆಯುವ ಕೊಕ್ಕೆ ಅದರ ಅಂಚನ್ನೇ ಹರಿದುಕೊಂಡು ಬಂತು.

ಕೊಟ್ಟಿಗೆಯ ಬಾಗಿಲಲ್ಲಿ ಚೆಸ್ಟ್‌ನಟ್ ಸುಲಿಯುತ್ತ ನಿಂತಿದ್ದ, ಬುಟ್ಟಿ ಹೊರುವ ಫೆರ್ಮಿನ ನಕ್ಕಳು. "ಏನೇ, ನಿನ್ನ ಗಂಡನಿಗಿಂತ ಹಟಮಾರಿ ಕಣೆ ಇದು."

"ಅವನನ್ನ ಬಿಚ್ಚಿ ನೋಡೋಕಾಗಲ್ಲ. ಇದನ್ನ ಆಗುತ್ತೆ."

ಸಿಕ್ಕಿದ್ದ ಕೋಶವನ್ನು ಕಡ್ಡಿಯಿಂದ ತಳ್ಳಿ ತೆಗೆದೆ. ತೋಟಾ ತುಂಬುವ ಮ್ಯಾಗಜಿನ್ ತೆಗೆದಿಟ್ಟು ಒಂದೇ ತೋಟಾವನ್ನು ಕೈಯಿಂದ ಗೂಡಿಗೆ ತಳ್ಳಿದೆ. ಆಗಲೂ ನಿಂತಿತು, ಮ್ಯಾಗಜಿನ್ ನಿರಪರಾಧಿ. ಒಳ್ಳೆಯ ರೈಫಲ್ಲಿನ ಕೊಕ್ಕೆ ತಂದು ಹಾಕಿ ಹಾರಿಸಿದೆ. ಆಗಲೂ ಕೋಶ ಸಿಕ್ಕಿಕೊಂಡಿತು, ಕೊಕ್ಕೆಯದೂ ತಪ್ಪಿಲ್ಲ. ಉಳಿದದ್ದು ಗೂಡು. ಅಂದರೆ ತಿಬುರ್ಸಿಯೊ.

ಆ ಕೋಶವನ್ನೂ ತಳ್ಳಿ ತೆಗೆದು, ಇನ್ನೊಂದು ತೋಟಾಕ್ಕೆ ದೀಪದ ಮಸಿ ಹಚ್ಚಿ, ತಳ್ಳಿ, ಹೊರಗೆಳೆದೆ. ಮಸಿ ಸುತ್ತಲೂ ಒಂದೇ ಸಮ ಉಜ್ಜಿಹೋಗಿತ್ತು. ನಡುಗುವ ಕೈ ಒಂದು ಮಗ್ಗುಲನ್ನು ತಿನ್ನುತ್ತದೆ. ಸುತ್ತಲೂ ಸಮನಾಗಿ ಬಿಗಿಯಾಗಬೇಕಾದರೆ ಗೂಡು ಕೊರೆಯುವ ಹತಾರ, ರೀಮರೇ, ಸವೆದು ಸಣ್ಣದಾಗಿರಬೇಕು ಎಂದೆ.

"ಹಾಗಿದ್ರೆ ಮನೆಮನೆಯಲ್ಲೂ ಅಜ್ಜಿ ಹೇಗೆ ಒಳಗೆ ಹೋದ್ಲು?" ಎಂದಳು ಫೆರ್ಮಿನ.

ಅಜ್ಜಿ ಎಂದರೆ ನಮ್ಮ ಅಳತೆಯ ತೋಟಾ, ಮದ್ದಿಲ್ಲದ ಹಿತ್ತಾಳೆ ತುಂಡು. ಹನ್ನೆರಡು ವರ್ಷದಿಂದ ಬುಟ್ಟಿಯಲ್ಲಿ ತಿರುಗುತ್ತಿದ್ದಾಳೆ. ಅಜ್ಜಿ ಒಳಗೆ ಹೋಗಿ ಹೊರಗೆ ಬಂದರೆ ಕೆಲಸ ಸರಿ ಎಂಬುದು ಊರಿನ ನಂಬಿಕೆ. ಹೊಸ ತೋಟಾದ ಪಕ್ಕ ಅವಳನ್ನಿಟ್ಟು ಅಳತೆ ಹಿಡಿದೆ. ಸಾವಿರ ಗೂಡು ಹೊಕ್ಕು ಅಜ್ಜಿ ಸೊರಗಿದ್ದಳು. ಸವೆದ ರೀಮರಿಗೆ ಸವೆದ ಅಜ್ಜಿಯ ಸಾಕ್ಷಿ!

"ಅಯ್ಯೋ, ಎಲ್ಲರೂ ಇವಳ ಮಾತು ಕೇಳಿ ಕೆಟ್ವಲ್ಲೇ," ಎಂದು ಫೆರ್ಮಿನ ಹಣೆ ಬಡಿದುಕೊಂಡಳು. "ತಿಬುರ್ಸಿಯೊ ಮಾವ ಹೊಸ ರೀಮರ್ ಕೇಳಿ ಎರಡು ಸಲ ನನ್ನ ಕೈಲೇ ಹೇಳಿ ಕಳಿಸಿದ್ದ. ಇನ್ನೂ ನೂರು ನಳಿಗೆ ಅದರಲ್ಲೇ ಕೊರೀಲಿ ಅಂದ್ರು ಯಜಮಾನ್ರು."

ಹೊಸ ರೀಮರನ್ನು ನಾನೇ ಹೋಗಿ ಉಗ್ರಾಣದಿಂದ ತಂದೆ. ಒಂದು ಗೂಡನ್ನು ಕೂದಲೆಳೆಯಷ್ಟು ಅಗಲಿಸಿದೆ. ಐದು ತೋಟಾ ಸರಸರನೆ ಹೋದವು. ಐದು ಕೋಶಗಳೂ ಟಣ್ಣೆಂದು ಕಲ್ಲಿನ ಮೇಲೆ ಬಿದ್ದವು.

ಆ ಸದ್ದಿಗೆ ಯಜಮಾನ ದೊನ್ ಎವರಿಸ್ತೊ ಒಳಬಂದರು. ಮಸಿಯ ತೋಟಾ ತೋರಿಸಿ ಎಲ್ಲ ಹೇಳಿದೆ. ಗಮನವಿಟ್ಟೇ ಕೇಳಿದರು. ಆಮೇಲೆ ಜೇಬಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಕೊರೆದವನ ಕೈ ನಡುಗಿದ್ದರಿಂದ ಗೂಡು ಕೆಟ್ಟಿದೆ ಎಂದಿತ್ತು. ಊರಿನ ಎಲ್ಲ ಬಂದೂಕು ಮನೆಗಳಿಗೂ ಹೋಗುವ ಕಾಗದ. ಅದು ಹೋದರೆ ಐವತ್ತೆಂಟರ ತಿಬುರ್ಸಿಯೊಗೆ ಈ ಕಣಿವೆಯಲ್ಲಿ ಅರ ಹಿಡಿಯಲೂ ಯಾರೂ ಕೊಡುವುದಿಲ್ಲ.

"ಒಳ್ಳೆ ಕೆಲಸ ಮಾಡಿದೆ ಕಂದಿದ. ಉಳಿದ ಒಂಬತ್ತನ್ನೂ ಸರಿಮಾಡು. ಇದಕ್ಕೊಂದು ಸಹಿ ಹಾಕು. ನಿನ್ನ ಸಹಿ ಇದ್ರೆ ಯಾರೂ ಮರುಮಾತಾಡಲ್ಲ."

"ಅದಕ್ಕೇ ಯಜಮಾನ್ರೇ, ಹಾಕೋದಿಲ್ಲ."

"ಓದಿ ನೋಡಿದೆಯಾ? ಬರೀ ಎರಡು ಸಾಲು."

"ಓದಿದೆ. ಸುಳ್ಳು."

"ನಾನು ಹಾಕು ಅಂತಿದೀನಿ."

"ನಾನು ಹಾಕಲ್ಲ ಅಂತಿದೀನಿ," ಎಂದೆ. ಎರಡನೇ ರೈಫಲ್ಲನ್ನು ಮೇಜಿನ ಮೇಲೆ, ಆ ಕಾಗದದ ಮೇಲೆಯೇ, ಮಲಗಿಸಿ ಬೋಲ್ಟು ಬಿಚ್ಚಿದೆ.