ನೆಟ್ಟಗೆ ನಿಂತ ಮೊಹರು

ಹತಾನಾಕಾ ಸಾನ್ ಶುಕ್ರವಾರದೊಳಗೆ ಒಪ್ಪಿಗೆ ಪತ್ರಕ್ಕೆ ಮೊಹರು ಒತ್ತದಿದ್ದರೆ ದಿನೇಶ ಜಪಾನಿನಿಂದ ಬೆಂಗಳೂರಿಗೆ ವಾಪಸು. ಕಂಪನಿಯಿಂದ ಬಂದ ಮೇಲ್ ಇಷ್ಟೇ ವಿಷಯವನ್ನು ಎರಡು ಪುಟ ಸೌಜನ್ಯದಲ್ಲಿ ಅದ್ದಿ ಹೇಳಿತ್ತು. ಟೋಕಿಯೋ ಪಕ್ಕದ ಇಚಿಕಾವಾದ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಬಂದಿದ್ದ ಮಗಳು ನಿಧಿ, "ಅಪ್ಪಾ, ಯೂ ಗೋ. ಐ ಆಮ್ ಸ್ಟೇಯಿಂಗ್" ಎಂದು ಆಗಲೇ ತೀರ್ಪು ಕೊಟ್ಟಾಗಿತ್ತು.

ಕೆಲಸವೇನೋ ಸರಳ. ಅಣುವಿದ್ಯುತ್ ಸ್ಥಾವರಗಳ ಸುರಕ್ಷತೆ ನೋಡಿಕೊಳ್ಳುತ್ತಿದ್ದ ಸರ್ಕಾರಿ ಸಂಸ್ಥೆಯೊಂದು 2001ರಲ್ಲಿ ಹುಟ್ಟಿ, ಫುಕುಶಿಮಾ ದುರಂತದ ಮರುವರ್ಷ ಬಾಗಿಲು ಮುಚ್ಚಿತ್ತು. ಅದರ ಚರಿತ್ರೆ ಬರೆಸುತ್ತಿದ್ದ ಟೋಕಿಯೋದ ಖಾಸಗಿ ಗ್ರಂಥಾಲಯಕ್ಕೆ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಕೊಡಬೇಕು. ಹನ್ನೊಂದು ಸಾವಿರ ಪುಟ. ಮೂಲದಂತೆಯೇ ನಕಲು ಇದೆ ಎಂದು ಒಪ್ಪಬೇಕಾದವರು, ಆ ಸಂಸ್ಥೆಯಲ್ಲಿ ಮೊದಲ ದಿನದಿಂದ ಕೊನೆಯ ದಿನದವರೆಗೂ ಇದ್ದ, ಈಗ ನಿವೃತ್ತರಾದ ಹತಾನಾಕಾ ಸಾನ್.

ಮಂಗಳವಾರ ಅವರು ಬರುವ ಮುಂಚೆ ದಿನೇಶನ ಸಹೋದ್ಯೋಗಿ ಸುಪ್ರೀತ್ ತಂಡಕ್ಕೆ ರಿಹರ್ಸಲ್ ಮಾಡಿಸುತ್ತಿದ್ದ. ಅಣುವಿನ ಕೆಲಸದ ನಡುವೆ ಅಣಕ ಅವನ ಉಪಕಸುಬು. ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಹಲ್ಲಿನ ಸಂದಿಯಿಂದ "ಸ್ಸ್ಸ್" ಎಂದು ಉಸಿರೆಳೆದು, "ದಿನೇಶ್ ಸಾನ್... ಇದು ಸ್ವಲ್ಪ... ಕಷ್ಟ" ಎಂದ ಜಪಾನಿಯಲ್ಲಿ. ಅಂದರೆ, ಆಗುವುದಿಲ್ಲ ಎಂದು.

"ಉಸಿರು ಇನ್ನೂ ಉದ್ದ ಬೇಕು," ಎಂದಿತು ಬಾಗಿಲ ಬಳಿಯಿಂದ ಒಂದು ದನಿ. ಹತಾನಾಕಾ ಸಾನ್.

ಸುಪ್ರೀತ್ ಎದ್ದು ಬಾಗಿದ. ಬಾಗಿದವನು ಏಳಲೇ ಇಲ್ಲ.

ಮುದುಕರು ಕಂಪ್ಯೂಟರ್ ಪರದೆಯ ಮುಂದೆ ಕೂತರು. ಒಂದು ಪುಟ, ಎರಡು ಪುಟ, ಹತ್ತು ಪುಟ. ಆಮೇಲೆ ಉಸಿರೆಳೆದರು. ಸುಪ್ರೀತನದಕ್ಕಿಂತ ನಿಜಕ್ಕೂ ಉದ್ದವಿತ್ತು.

"ಎಲ್ಲರೂ ಎದ್ದು ನಿಂತಿದ್ದಾರಲ್ಲ."

"ಯಾರು, ಸಾರ್?"

"ಮೊಹರುಗಳು."

ದಿನೇಶನಿಗೆ ಖುಷಿಯಾಯಿತು. "ಹೌದು ಸಾರ್, ಮೊದಲು ಸ್ಕ್ಯಾನ್ ಮಾಡಿದಾಗ ಎಲ್ಲ ಎಡಕ್ಕೆ ವಾಲಿದ್ವು. ಸ್ಕ್ಯಾನಿಂಗ್ ಪ್ರಾಬ್ಲಮ್ ಅಂತ ಪ್ರೋಗ್ರಾಂ ಬರೆದು ನೆಟ್ಟಗೆ ಮಾಡಿಸಿದೆ. ಒಂದೂ ಸೊಟ್ಟ ಇಲ್ಲ ಈಗ."

ಗೊಜ್ಜವಲಕ್ಕಿಯ ಡಬ್ಬವನ್ನೂ ಮೇಜಿನ ಅಂಚಿಗೆ ಸಮಾನಾಂತರವಾಗಿ ಇಡುವವನು ದಿನೇಶ.

ಹತಾನಾಕಾ ಸಾನ್ ಮೂಲದ ಹಾಳೆಯೊಂದನ್ನು ತೆಗೆದರು. ಎಡತುದಿಯ ಚೌಕದಲ್ಲಿ, ಸಹಿಯ ಬದಲಿಗೆ, ಮೇಲಧಿಕಾರಿಯ ಹೆಸರಿನ ಮೊಹರು. ಬಲಗಡೆ ಸಾಲಾಗಿ ಕೈಕೆಳಗಿನವರದು. ಕಿರಿಯರಾದಷ್ಟೂ ಹೆಚ್ಚು ವಾಲಿಕೆ. "ಇದು ಬಾಗಿ ನಮಸ್ಕಾರ. ನಮ್ಮಲ್ಲಿ ಕೆಲವು ಕಚೇರಿಗಳ ಪದ್ಧತಿ. ಮೊಹರೂ ಮೇಲಿನವರಿಗೆ ತಲೆಬಾಗಬೇಕು."

"ಅಯ್ಯೋ," ಎಂದ ಸುಪ್ರೀತ್ ಕನ್ನಡದಲ್ಲಿ, "ಹನ್ನೊಂದು ವರ್ಷದ ವಿನಯಕ್ಕೆ ಬೆನ್ನುಮೂಳೆ ಕೂರ್ಸಿದೀಯ ಗುರೂ."

"ಬಾಯ್ಮುಚ್ಚೋ."

ಮುದುಕರು ಪರದೆಯಲ್ಲಿ ಬೇರೇನನ್ನೋ ಹುಡುಕುತ್ತಿದ್ದರು. 2006ರ ಒಂದು ಟಿಪ್ಪಣಿ ಸಿಕ್ಕಿತು. ಅವರೇ ಬರೆದದ್ದು. ಸ್ಥಾವರಗಳನ್ನು ಬೆಳೆಸುವ ಸಚಿವಾಲಯದೊಳಗೇ ಅವುಗಳ ಮೇಲೆ ಕಣ್ಣಿಡುವ ಸಂಸ್ಥೆಯೂ ಇತ್ತು. ಅಡುಗೆಯವನೂ ಉಪ್ಪು ನೋಡಿ ಮಾರ್ಕು ಕೊಡುವವನೂ ಒಂದೇ ಮನೆಯವರು. ನಮಗೆ ಬೇರೆ ಮನೆ ಬೇಡವೇ ಎಂದು ಟಿಪ್ಪಣಿ ಕೇಳಿತ್ತು.

"ಈ ಒಂದು ಹಾಳೆಯಲ್ಲಿ ಮಾತ್ರ ನನ್ನ ಮೊಹರು ನೆಟ್ಟಗಿತ್ತು. ಒತ್ತುವ ಮುಂಚೆ ಮೂರು ಕಪ್ ಚಹಾ ಕುಡಿದಿದ್ದೆ."

"ಈಗಲೂ ನೆಟ್ಟಗೇ ಇದೆಯಲ್ಲ, ಸಾರ್," ಎಂದ ದಿನೇಶ ಮೆಲ್ಲಗೆ.

"ಈಗ ಎಲ್ಲರದ್ದೂ ನೆಟ್ಟಗಿದೆ. ನಾನು ಎಲ್ಲಿದ್ದೇನೆ, ಯಾರಿಗೆ ಗೊತ್ತಾಗಬೇಕು? ಇದಕ್ಕೆ ನಾನು ಒಪ್ಪಿಗೆ ಕೊಡಲಾರೆ." ಎದ್ದು, ಬಾಗಿ, ಹೋದರು.

ಪುಣ್ಯಕ್ಕೆ ಮೊದಲ ಸ್ಕ್ಯಾನ್‌ಗಳು ಉಳಿದಿದ್ದವು. ದಿನೇಶ ತನ್ನ ಪ್ರೋಗ್ರಾಮನ್ನು ತಾನೇ ಅಳಿಸಿದ. ಬುಧವಾರ, ಗುರುವಾರವೆಲ್ಲ ಅವನೂ ಸುಪ್ರೀತನೂ ಹಗಲುರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯ ಅನ್ನದುಂಡೆ ತಿನ್ನುತ್ತ ಪುಟಪುಟವನ್ನೂ ಮೂಲದ ಪಕ್ಕದಲ್ಲಿಟ್ಟು ನೋಡಿದರು. ಸಾವಿರಾರು ಕೆಂಪು ಮೊಹರುಗಳು ಮತ್ತೆ ಎಡಕ್ಕೆ ವಾಲಿದವು. 2006ರ ಆ ಹಾಳೆಯಲ್ಲಿ ಒಂದೇ ಒಂದು, ಗಾಳಿಗೆ ಮಲಗಿದ ಪೈರಿನ ನಡುವೆ ಬೆದರುಗೊಂಬೆಯಂತೆ, ನೆಟ್ಟಗೆ ನಿಂತಿತ್ತು.

ಶುಕ್ರವಾರ ಹತಾನಾಕಾ ಸಾನ್ ಮೊದಲು ಅದನ್ನೇ ತೆರೆದರು. ಬಹಳ ಹೊತ್ತು ನೋಡಿದರು. ಈ ಸಲ ಉಸಿರೆಳೆಯಲಿಲ್ಲ, ಬಿಟ್ಟರು. "ಪತ್ರ ಕೊಡಿ."

ಕಿರಿಯರು ಮೊದಲು ಒತ್ತಬೇಕು. ದಿನೇಶ ತನ್ನ ಹೆಸರಿನ ಮೊಹರನ್ನು ಬಲಚೌಕಕ್ಕೆ ಒತ್ತಿದ. ವಾಲಿಕೆ ಕಡಿಮೆಯಾದೀತೆಂಬ ಭಯಕ್ಕೆ ಮೊಹರನ್ನು ಎಡಕ್ಕೆ ಪೂರ್ತಿ ಅಡ್ಡಡ್ಡ ಮಲಗಿಸಿಬಿಟ್ಟಿದ್ದ.

ಹತಾನಾಕಾ ಸಾನ್ ಕತ್ತು ಓರೆ ಮಾಡಿ ಓದಿದರು. "ಇವರಿಗೆ ಮೈ ಹುಷಾರಿಲ್ಲವೇ?"

"ಚೆನ್ನಾಗಿದಾರೆ ಸಾರ್," ಎಂದ ಸುಪ್ರೀತ್. "ನಮ್ಮ ಕಡೆ ದೊಡ್ಡವರಿಗೆ ಹೀಗೇ. ಪೂರ್ತಿ ನೆಲಕ್ಕೆ ಬೀಳ್ತೀವಿ."

ಮುದುಕರು ನಕ್ಕರೋ ಇಲ್ಲವೋ, ಕನ್ನಡಕ ಅಲುಗಿತು. ಜೇಬಿನಿಂದ ಮೊಹರು ತೆಗೆದು, ಎಡಚೌಕದಲ್ಲಿ ಒತ್ತಿದರು. ಅದು ಬಲಕ್ಕೆ, ದಿನೇಶನ ಕಡೆಗೆ, ಒಂದಿಷ್ಟು ಬಾಗಿತ್ತು.

ದಿನೇಶನ ಕೈ ಅಭ್ಯಾಸಬಲದಿಂದ, ನೆಟ್ಟಗೆ ಮಾಡಲೆಂದು, ಹಾಳೆಯತ್ತ ಹೋಯಿತು.

"ಸ್ಕ್ಯಾನ್ ಮಾಡುವಾಗ," ಎಂದರು ಹತಾನಾಕಾ ಸಾನ್, "ದಯವಿಟ್ಟು ಇದನ್ನು ಸರಿಪಡಿಸಬೇಡಿ."